ಹಾಜರಿ ಪುಸ್ತಕ ಮತ್ತು ಉಪ್ಪಿನ ಲೆಕ್ಕ

1884ರಲ್ಲಿ ಬಿಜಾಪುರಕ್ಕೆ ರೈಲು ಬಂತು. ಹೋಟಗಿಯಿಂದ ಗದಗಿನವರೆಗೆ ಹಾಸಿದ ಆ ಹಳಿ 1876-78ರ ಬರದ ಕೂಸು. ಲಕ್ಷಗಟ್ಟಲೆ ಜನ ಸತ್ತ ಮೇಲೆ, ಮುಂದಿನ ಬರಕ್ಕೆ ಕಾಳು ಸಾಗಿಸುವ ದಾರಿಯೊಂದು ಬೇಕು ಅಂತ ಬ್ರಿಟಿಷ್ ಸರಕಾರಕ್ಕೆ ಹೊಳೆಯಿತು. ಸಾಲಿಯ ಇತಿಹಾಸ ಪುಸ್ತಕ ಇದನ್ನು ಪ್ರಗತಿ ಅಂತ ಕರೀತದ. ಕರೀಲಿ. ರೈಲು ಬೇಡ ಅನ್ನುವ ಹುಚ್ಚ ನಾನಲ್ಲ. ಆದರೆ ಇಂಥ ಹಳಿಗಳು ಒಂದೊಂದಾಗಿ ಬಂದಂತೆಲ್ಲಾ ಉಪ್ಪು, ಕಾಳು ಹೊತ್ತು ದಖ್ಖನದ ಉದ್ದಗಲ ತಿರುಗುತ್ತಿದ್ದ ಸಾವಿರಾರು ಎತ್ತುಗಳ ಬೆನ್ನು ಬರಿದಾಯಿತು. ಆ ಎತ್ತುಗಳ ಹಿಂದೆ ನಡೆಯುತ್ತಿದ್ದ ಲಂಬಾಣಿಗಳು ಎಲ್ಲಿ ಹೋದರು, ಅವರ ತಲೆಯೊಳಗಿದ್ದ ವಿದ್ಯೆ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ವಿದ್ಯೆ ಅಂದೆ. ಬೇಕಂತಲೇ ಅಂದೆ. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಹಿಂದೂಸ್ತಾನದ ದಾರಿಯಲ್ಲಿ ಒಂದು ಬಂಜಾರ ತಾಂಡಾವನ್ನು ಕಂಡು ಬರೆದಿಟ್ಟಿದ್ದಾನೆ. ಕಾಳು ಹೇರಿದ ಎತ್ತುಗಳ ಸಂಖ್ಯೆ 14,000. ದಿನಕ್ಕೆ ಆರೇಳು ಮೈಲಿ ನಡಿಗೆ. ಈಗ ಕುಂತು ಲೆಕ್ಕ ಮಾಡ್ರಿ. ಹದಿನಾಲ್ಕು ಸಾವಿರ ಎತ್ತಿಗೆ ಒಂದು ದಿನಕ್ಕೆ ಎಷ್ಟು ನೀರು? ಮುಂದಿನ ಕೆರೆ ಎಷ್ಟು ದೂರ, ಅದರೊಳಗ ಈ ತಿಂಗಳು ನೀರು ಇರತೈತೋ ಇಲ್ಲೋ? ಮೇವು ಸಿಗುವ ಬಯಲು ಯಾವ ಕಡೆ? ಕಡಲ ದಂಡೆಯಿಂದ ಹೊರಟ ಉಪ್ಪು ಮಳೆಗೆ ಸಿಕ್ಕು ಕರಗಿದರೆ ನಷ್ಟ ಎಷ್ಟು, ಅದನ್ನು ಮುಂದಿನ ಸಂತೆಯ ಧಾರಣಿಯಲ್ಲಿ ಹೇಗೆ ಕೂಡಿಸಿಕೊಳ್ಳೋದು? ಎಡಬಲ ಗೋಣಿಯ ತೂಕ ಸಮ ಇಲ್ಲದಿದ್ದರೆ ಎತ್ತಿನ ಬೆನ್ನು ಹುಣ್ಣಾಗತದ. ತಕ್ಕಡಿ ಇಲ್ಲದೆ ಆ ಸಮ ತೂಗೋದು ಹೇಗೆ? ಕಾಗದ ಇಲ್ಲ, ಲೇಖಣಿಕೆ ಇಲ್ಲ, ಎಲ್ಲಾ ತಲೆಯಲ್ಲೇ. ಇವತ್ತು ಇದಕ್ಕೆ ಲಾಜಿಸ್ಟಿಕ್ಸ್ ಅಂತ ಹೆಸರಿಟ್ಟು ಮ್ಯಾನೇಜಮೆಂಟ್ ಕಾಲೇಜಿನವರು ಲಕ್ಷಗಟ್ಟಲೆ ಫೀ ತಗೋತಾರ.

ರೈಲು ಬಂದ ಅದೇ 1884ರಲ್ಲಿ ಮುಂಬಯಿ ಪ್ರಾಂತದ ಗೆಜೆಟಿಯರಿನ ಬಿಜಾಪುರ ಸಂಪುಟವೂ ಅಚ್ಚಾಯಿತು. ಲಂಬಾಣಿ, ವಡ್ಡರ, ಕೊರವ, ಹರಣಶಿಕಾರಿ ಎಲ್ಲರೂ ಅದರಲ್ಲಿ ಇದ್ದಾರೆ. ಏನು ಉಡುತ್ತಾರೆ, ಏನು ತಿನ್ನುತ್ತಾರೆ, ಯಾವ ದೇವರಿಗೆ ಯಾವ ಪ್ರಾಣಿ ಕಡಿಯುತ್ತಾರೆ, ಹೆಣ ಸುಡುತ್ತಾರೋ ಹೂಳುತ್ತಾರೋ. ಇವರು ಹೇಗೆ ಎಣಿಸುತ್ತಾರೆ, ಹೇಗೆ ಅಳೆಯುತ್ತಾರೆ ಅಂತ ಕೇಳಬೇಕೆಂದು ಆ ಸಾಹೇಬರಿಗೆ ಹೊಳೆದಂತಿಲ್ಲ. ಮಾಹಿತಿ ಕೊಟ್ಟ ಊರ ದೊಡ್ಡವರಿಗೂ ಹೊಳೆದಂತಿಲ್ಲ. ಕೆಳಗಿನವನಿಗೆ ಪದ್ಧತಿ ಇರತದ, ಶಾಸ್ತ್ರ ಇರೋದಿಲ್ಲ ಅನ್ನೋ ನಂಬಿಕೆ ಎರಡೂ ಕಡೆ ಒಂದೇ ಇತ್ತು.

ಇವತ್ತು ಬುಡಕಟ್ಟು ಮಕ್ಕಳ ಪ್ರಾಥಮಿಕ ಶಾಲೆಗೆ ವಿಜ್ಞಾನ, ತಂತ್ರಜ್ಞಾನ ತರಬೇಕು, ಅದು ಅವರ ಸಂಸ್ಕೃತಿಗೆ ಹೊಂದಬೇಕು ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರೆ. ಮಾತು ಚಲೋ ಐತಿ. ಆದರೆ ಇದು ಹೊಸ ಮಾತು ಅಂತ ಯಾರಾದರೂ ಅಂದರೆ ನಂಬಬೇಡಿ. ನಮ್ಮ ಬಿಜಾಪುರದಲ್ಲೇ ನೂರು ವರ್ಷದ ಹಿಂದೆ ಸರಕಾರ ಇಂಥ ಮಕ್ಕಳಿಗೆ ಶಾಲೆ ತೆರೆದು, ಅದಕ್ಕೆ ತಾಂತ್ರಿಕ ಶಿಕ್ಷಣವನ್ನೂ ತಂದಿತ್ತು. ಆ ಶಾಲೆಯ ಸುತ್ತ ಪೋಲೀಸ್ ಪಹರೆ ಇತ್ತು ಅನ್ನೋದಷ್ಟೇ ಫರಕು.

1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಒಂದು ಕಾಯ್ದೆ ಬಂತು. ಮೊದಲು ಉತ್ತರದ ಪ್ರಾಂತಗಳಿಗೆ. 1911ರ ಹೊಸ ಕಾಯ್ದೆಯಿಂದ ಮುಂಬಯಿ ಪ್ರಾಂತವೂ ಒಳಗೆ ಬಂತು. ಕಳವು ಮಾಡಿದವನನ್ನು ಹಿಡಿಯುವ ಕಾಯ್ದೆ ಅಲ್ಲ ಇದು. ಒಂದು ಕುಲದಲ್ಲಿ ಹುಟ್ಟಿದ್ದೇ ಕಳವು ಅನ್ನುವ ಕಾಯ್ದೆ. ಮನುಸ್ಮೃತಿಗೆ ಇಂಗ್ಲಿಷ್ ಕೋಟು ತೊಡಿಸಿದಂಗ. ಹೆಸರು ಪಟ್ಟಿಗೆ ಬಿದ್ದವ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಕೆಲವು ಪ್ರಾಂತಗಳಲ್ಲಿ ಲಂಬಾಣಿಗಳ ಹೆಸರೂ ಪಟ್ಟಿಗೆ ಬಿತ್ತು. ಉಪ್ಪು ಹೊತ್ತು ತಿರುಗುವಾಗ ಬೇಕಾಗಿದ್ದ ಕಾಲುಗಳು, ಉಪ್ಪು ನಿಂತ ಮೇಲೆ ಅನುಮಾನದ ಕಾಲುಗಳಾದವು. ನಮ್ಮ ಭಾಗದಲ್ಲಿ ಹೆಚ್ಚು ಏಟು ತಿಂದವರು ಹರಣಶಿಕಾರಿಗಳು, ಕೊರವರು, ಗಂಟಿಚೋರರು. ಆ ಕಡೆಯ ಹೆಸರನ್ನು ಇನ್ನೊಮ್ಮೆ ಓದ್ರಿ. ಗಂಟು ಕದಿಯುವವ ಅಂತ ಯಾರೋ ಇಟ್ಟ ಬೈಗುಳವೇ ಜಾತಿಯ ಹೆಸರಾಗಿ, ಆ ಜಾತಿಯ ಹೆಸರೇ ಸ್ವತಂತ್ರ ಭಾರತದ ಪರಿಶಿಷ್ಟ ಜಾತಿಗಳ ಪಟ್ಟಿಗೂ ಬಂದು ಕುಂತಿದೆ. ಆ ಕೂಸು ಸಾಲಿಗೆ ಹೆಸರು ಹಚ್ಚುವ ದಿನ ಜಾತಿ ಪ್ರಮಾಣಪತ್ರದ ಮೇಲೆ 'ಚೋರ' ಅಂತ ಬರೆಸಿಕೊಂಡೇ ಒಳಗೆ ಬರಬೇಕು.

1910ರ ಸುಮಾರಿಗೆ ಬಿಜಾಪುರದಲ್ಲಿ ಒ.ಎಚ್.ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಈ ಜನರಿಗಾಗಿ ಒಂದು ಸೆಟ್ಲಮೆಂಟ್ ಶುರು ಮಾಡಿದ. ಮುಂಬಯಿ ಪ್ರಾಂತದ ಮಟ್ಟಿಗೆ ಇದು ಮೊದಮೊದಲಿನ ಪ್ರಯೋಗ. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ ಕಡೆಗೂ ಇಂಥವೇ ಎದ್ದವು. ಇವತ್ತಿಗೂ ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಅಂದರೆ ಸಾಕು, ಆಟೋದವ ಮರುಮಾತಿಲ್ಲದೆ ಒಯ್ದು ಬಿಡುತ್ತಾನೆ. ಈ ಸ್ಟಾರ್ಟೆಯನ್ನು ರಾಕ್ಷಸ ಅಂತ ಬರೆದರೆ ನನಗೆ ಸುಲಭ, ಓದುವವರಿಗೂ ಖುಷಿ. ಆದರೆ ಆತ ರಾಕ್ಷಸ ಅಲ್ಲ. ಈ ಜನ ಹೊಟ್ಟೆಗಿಲ್ಲದೆ ಕದಿಯುತ್ತಾರೆ, ಕೆಲಸ ಕೊಟ್ಟರೆ ಬಿಡುತ್ತಾರೆ ಅಂತ ನಂಬಿ, ಅದಕ್ಕಾಗಿ ತನ್ನ ನೌಕರಿಯ ಬಹುಪಾಲು ಸವೆಸಿದವ. ಆ ಕಾಲದ ಪೋಲೀಸ್ ಬುದ್ಧಿಗೆ ಹೋಲಿಸಿದರೆ ಇದು ದೊಡ್ಡ ಮಾತೇ. ಅವನ ತಪ್ಪು ಬೇರೆ ಕಡೆ ಇದೆ, ಅಲ್ಲಿಗೆ ಬರುತ್ತೇನೆ.

ಸೆಟ್ಲಮೆಂಟಿನಲ್ಲಿ ಮಕ್ಕಳಿಗೆ ಶಾಲೆ ಕಡ್ಡಾಯವಾಗಿತ್ತು. ಊರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಲು ಮುಂಬಯಿಯ ನಗರಸಭೆಗಳಿಗೆ ವಿಠ್ಠಲಭಾಯಿ ಪಟೇಲರ ಕಾಯ್ದೆ ಅಧಿಕಾರ ಕೊಟ್ಟದ್ದು 1918ರಲ್ಲಿ, ಅದೂ ಬೇಕಾದರೆ ಮಾಡಿಕೊಳ್ಳಿ ಅನ್ನುವ ರೀತಿಯಲ್ಲಿ. ಇಡೀ ದೇಶದ ಮಕ್ಕಳಿಗೆ ಅದು ಹಕ್ಕಾಗಿ ಜಾರಿಗೆ ಬಂದದ್ದು 2010ರಲ್ಲಿ. ಅಂದರೆ ಈ ನಾಡಿನಲ್ಲಿ ಕಡ್ಡಾಯ ಶಿಕ್ಷಣ ಕಂಡ ಮೊದಲ ಮಕ್ಕಳಲ್ಲಿ ಹಾಜರಿ ಹಾಕಿಸಿಕೊಳ್ಳುತ್ತಿದ್ದ 'ಅಪರಾಧಿ' ಮಕ್ಕಳೂ ಇದ್ದರು. ನಗಬೇಕೋ ಅಳಬೇಕೋ? ಕಾಯ್ದೆಯ 17ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆರು ವರ್ಷ ದಾಟಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯಿಂದ ಕಿತ್ತು ಕೈಗಾರಿಕೆ, ಒಕ್ಕಲುತನ ಕಲಿಸುವ ಶಾಲೆಗಳಲ್ಲಿ, ಸುಧಾರಣಾ ಶಾಲೆಗಳಲ್ಲಿ ಇಡಲು ಸರಕಾರಕ್ಕೆ ಅದು ಅಧಿಕಾರ ಕೊಟ್ಟಿತ್ತು. ಅವ್ವನ ಮಡಿಲೇ ಅಪರಾಧದ ಪಾಠಶಾಲೆ ಅನ್ನುವ ತಿಳುವಳಿಕೆ ಇದರ ಬುಡದಲ್ಲಿದೆ.

ಆ ಶಾಲೆಗಳು ತಂದ ತಂತ್ರಜ್ಞಾನ ಯಾವುದು? ಮಗ್ಗ, ಗರಗಸ, ಬಾಚಿ, ಹೊಲಿಗೆ. ಅಕ್ಷರದ ಜೋಡಿ ಕೈಗೆಲಸ. ದೊಡ್ಡವರಿಗೆ ಗದಗ, ಹುಬ್ಬಳ್ಳಿ, ಸೊಲ್ಲಾಪುರದ ಗಿರಣಿ. ಇಲ್ಲವೆ ರೈಲ್ವೆ, ಕಲ್ಲುಗಣಿ. ಗಿರಣಿ ಮಾಲಕರಿಗೆ ಇದಕ್ಕಿಂತ ಚಲೋ ಯಾವುದು? ಓಡಿ ಹೋಗಲಾರದ ಕೂಲಿ, ಪೋಲೀಸರೇ ಎಣಿಸಿ ಕಳಿಸುವ ಕೂಲಿ. ಸ್ಟಾರ್ಟೆಯ ತಪ್ಪು ಇಲ್ಲಿದೆ. ಈ ಜನರ ಕೈ ಖಾಲಿ ಅಂತ ಆತ ತಿಳಿದ. ಜಿಂಕೆಯ ಹೆಜ್ಜೆ ನೋಡಿ ಅದು ಯಾವಾಗ ಹೋಯಿತು ಅಂತ ಹೇಳುವ ಹರಣಶಿಕಾರಿಗೆ, ಎಷ್ಟು ಭಾರದ ಹಕ್ಕಿ ಕಾಲಿಟ್ಟರೆ ಕುಣಿಕೆ ಬಿಗಿಯಬೇಕು ಅಂತ ಬಲ್ಲ ಹರಣಶಿಕಾರಿಗೆ, ಯಂತ್ರ ಅಂದರೇನು ಅಂತ ಹೊಸದಾಗಿ ಕಲಿಸಬೇಕಿತ್ತೆ? ಕುಣಿಕೆಯೂ ಯಂತ್ರವೇ. ಈಚಲ ಗರಿ, ಬಿದಿರು ಸೀಳಿ ಕೊರವರ ಹೆಣ್ಣುಮಗಳು ಹೆಣೆಯುವ ಬುಟ್ಟಿಯ ತಳದಲ್ಲಿ ಯಾವ ಡ್ರಾಯಿಂಗ್ ಮಾಸ್ತರನೂ ಕಲಿಸದ ರೇಖಾಗಣಿತ ಇದೆ. ಆ ವಿದ್ಯೆಯಿಂದ ಈ ವಿದ್ಯೆಗೆ ಒಂದು ಸೇತುವೆ ಹಾಕಬಹುದಿತ್ತು. ಹಾಕಲಿಲ್ಲ. ಹಳೆಯದನ್ನು ಅಪರಾಧದ ಗಂಟಿನಲ್ಲಿ ಕಟ್ಟಿ ಹೊರಗೆ ಎಸೆದು, ಖಾಲಿ ಪಾಟಿಯ ಮೇಲೆ 'ಕೂಲಿ' ಅಂತ ಬರೆದರು.

ಇಲ್ಲಿ ಇತಿಹಾಸ ಒಂದು ವಿಚಿತ್ರ ತಿರುವು ತಗೋತದ. 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯ ಹಾಗೂ ಆದಿವಾಸಿಗಳ ಸ್ಥಿತಿ ನೋಡಲು ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷ ಇದೇ ಸ್ಟಾರ್ಟೆ. ಸದಸ್ಯರಲ್ಲಿ ಒಬ್ಬರು ಡಾ. ಬಾಬಾಸಾಹೇಬ ಅಂಬೇಡ್ಕರ್, ಠಕ್ಕರ್ ಬಾಪಾ, ಡಾ. ಸೋಲಂಕಿ ಕೂಡ ಇದ್ದರು. 1930ರ ಮಾರ್ಚಿನಲ್ಲಿ ವರದಿ ಬಂತು. ಹಾಸ್ಟೆಲು, ವಿದ್ಯಾರ್ಥಿ ವೇತನ ಮುಂತಾದ, ಇವತ್ತು ನಾವೆಲ್ಲಾ ಉಂಡು ಬೆಳೆದ ಮಾತುಗಳು ಅದರಲ್ಲಿವೆ. ಆ ವರದಿಯ ಬೆನ್ನಿಗೇ ಮುಂಬಯಿಯಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು, ಕ್ರಿಮಿನಲ್ ಟ್ರೈಬ್ಸ್ ನೋಡಿಕೊಳ್ಳುತ್ತಿದ್ದ ಅಧಿಕಾರಿಯೇ ಹಿಂದುಳಿದ ವರ್ಗಗಳ ಅಧಿಕಾರಿಯಾದ. ಹಾಜರಿ ತಗೊಳ್ಳುವ ಕೈಯೇ ಸ್ಕಾಲರ್‌ಶಿಪ್ ಹಂಚುವ ಕೈಯಾಯಿತು. ನಮ್ಮ ಹಾಸ್ಟೆಲುಗಳಲ್ಲಿ ವಾರ್ಡನ್ ಯಾಕ ಇನ್ನೂ ಜೇಲರ್ ಗತೆ ನಡಕೋತಾನ ಅಂತ ಕೇಳುವ ಹುಡುಗರಿಗೆ ಈ ಇತಿಹಾಸ ಗೊತ್ತಿರಲಿ.

ಬಾಬಾಸಾಹೇಬರು ಅಲ್ಲಿಗೆ ನಿಲ್ಲಲಿಲ್ಲ. 1942ರ ಅಕ್ಟೋಬರಿನಲ್ಲಿ, ವೈಸರಾಯನ ಮಂಡಲಿಯಲ್ಲಿ ಸದಸ್ಯರಾಗಿದ್ದಾಗ, ಪರಿಶಿಷ್ಟರ ಕುಂದುಕೊರತೆಗಳ ಬಗ್ಗೆ ಒಂದು ಮನವಿ ಸಲ್ಲಿಸಿದರು. ಅದರಲ್ಲಿನ ಶಿಕ್ಷಣದ ಭಾಗವನ್ನು ನಾವು ಸಾಕಷ್ಟು ಓದಿಲ್ಲ. ಕಲೆ, ಕಾನೂನು ಓದುವುದರಿಂದ ನಮ್ಮ ಜನಕ್ಕೆ ಆಗುವ ಲಾಭ ಕಡಿಮೆ, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದಕ್ಕೆ ಸರಕಾರ ವರ್ಷಕ್ಕೆ ಇಷ್ಟು ಲಕ್ಷ ತೆಗೆದಿಡಬೇಕು, ವಿದೇಶಕ್ಕೂ ಕಳಿಸಬೇಕು, ಸರಕಾರಿ ಛಾಪಖಾನೆ ಮತ್ತು ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನು ತರಬೇತಿಗೆ ತಗೋಬೇಕು ಅಂತ ಅವರು ಕೇಳಿದರು. ಸ್ವತಃ ಅರ್ಥಶಾಸ್ತ್ರ, ಕಾನೂನು ಓದಿದ ಮನುಷ್ಯ ಹೇಳಿದ ಮಾತು ಇದು. ಕವಿತೆ ಬರೆಯುವ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚತದ. ಚುಚ್ಚಲಿ.

ಇದರ ಜೋಡಿ ಇನ್ನೊಂದು ಘಟನೆ ಇಟ್ಟು ನೋಡಬೇಕು. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಪ್ರಾಥಮಿಕ ಶಾಲೆಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಮೂರು ತಾಸು ಶಾಲೆ, ಉಳಿದ ಹೊತ್ತು ಮಗು ಅಪ್ಪನ ಕಸುಬು ಕಲಿಯಬೇಕು. ಕೇಳಲಿಕ್ಕೆ ಎಷ್ಟು ಸಂಸ್ಕಾರವಂತ ಮಾತು! ಸ್ಥಳೀಯ ಕಸುಬು, ಕೈಯ ಗೌರವ, ಪರಂಪರೆ. ಪೆರಿಯಾರರು ಇದಕ್ಕೆ ಕುಲಕಸುಬಿನ ಶಿಕ್ಷಣ ಅಂತ ಸರಿಯಾದ ಹೆಸರಿಟ್ಟು ಬೀದಿಗಿಳಿದರು. ಚಮ್ಮಾರನ ಮಗ ಚಪ್ಪಲಿ, ಅಗಸನ ಮಗ ಬಟ್ಟೆ, ಪುರೋಹಿತನ ಮಗನಿಗೆ ಮಾತ್ರ ಮೂರು ತಾಸೂ ಅಕ್ಷರ, ಉಳಿದ ಹೊತ್ತೂ ಅಕ್ಷರ. ರಾಜಾಜಿ ಕುರ್ಚಿ ಬಿಟ್ಟರು, 1954ರಲ್ಲಿ ಕಾಮರಾಜರು ಬಂದು ಯೋಜನೆಯನ್ನು ಕಿತ್ತೆಸೆದರು.

ನಾನು ಹೇಳಬೇಕಾದ್ದು ಈ ಎರಡರ ನಡುವೆ ಇದೆ. 'ಸಂಸ್ಕೃತಿಗೆ ಹೊಂದುವ ವಿಜ್ಞಾನ' ಅನ್ನೋ ಮಾತಿನ ಒಳಗೆ ರಾಜಾಜಿಯೂ ಅಡಗಿ ಕೂಡಬಹುದು. ಲಂಬಾಣಿ ಹುಡುಗಿಗೆ ಕಸೂತಿ, ವಡ್ಡರ ಹುಡುಗನಿಗೆ ಕಲ್ಲು, ಕೊರವರ ಕೂಸಿಗೆ ಬುಟ್ಟಿ. ಅದನ್ನೇ ಪಾಠ ಅಂತ ಕರೆದು, ಅಲ್ಲೇ ಕೂಡಿಸಿ, ಮೇಲಿನ ಸೀಟು ಮೇಲಿನವರಿಗೇ ಬಿಡೋದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ಮಾಲಿಗಳ ಹತ್ತಿರ ಹೋಗಿ ಕಲಿಯಲಿ ಅನ್ನುತ್ತದೆ. ಡಾಕ್ಟರನ ಮಗನಿಗೆ ಅದು ಪಿಕ್ನಿಕ್. ಕುಂಬಾರನ ಮಗನಿಗೆ? ಅವನು ಆ ಹತ್ತು ದಿನ ಎಲ್ಲಿಗೆ ಹೋಗಬೇಕು, ಆಸ್ಪತ್ರೆಗೋ? ಹೋಗಲಿ ಅಂತೀನಿ ನಾನು.

ಹಂಗಾದರೆ ತಾಂಡಾದ ವಿದ್ಯೆಯನ್ನು ಶಾಲೆಗೆ ತರಲೇಬಾರದೇನು? ತರಬೇಕು. ಕಸುಬಾಗಿ ಅಲ್ಲ, ಕೀಲಿಕೈಯಾಗಿ. ಸನ್ನೆಯ ತತ್ವವನ್ನು ನಾನು ಕಲಿತದ್ದು ಪುಸ್ತಕದಲ್ಲಿದ್ದ ಏರಿಳಿ ಹಲಗೆಯ ಚಿತ್ರ ನೋಡಿ. ಎರಡು ಗುಂಡುಮುಖದ ಕೂಸುಗಳು ಆ ಕಡೆ ಈ ಕಡೆ ಕುಂತಿದ್ದವು. ಅಂಥ ಹಲಗೆಯನ್ನು ಕಣ್ಣಾರೆ ಕಂಡದ್ದು ಡಿಗ್ರಿಗೆ ಶಹರಕ್ಕೆ ಬಂದ ಮೇಲೆ, ಒಂದು ಪಾರ್ಕಿನಲ್ಲಿ. ಆದರೆ ಹಾರಿ ಹಾಕಿ, ಕೆಳಗೊಂದು ಸಣ್ಣ ಕಲ್ಲು ಇಟ್ಟು, ಆಳೆತ್ತರದ ಬಂಡೆ ಮಗುಚೋದನ್ನ ಕಣ್ಣು ಬಿಟ್ಟಾಗಿನಿಂದ ನೋಡೀನಿ. ಕಲ್ಲು ಬಂಡೆಗೆ ಹತ್ತಿರ ಇದ್ದಷ್ಟೂ ಜೋರು ಕಡಿಮೆ ಸಾಕು ಅಂತ ನಮ್ಮ ಓಣಿಯ ಎಲ್ಲಾ ಹುಡುಗರಿಗೂ ಗೊತ್ತಿತ್ತು. ಅದೇ ಸೂತ್ರ ಅಂತ ಯಾರೂ ಹೇಳಲಿಲ್ಲ ಅಷ್ಟೆ.

ತಿಕೋಟಾ ದಾರಿ ಹಿಡಿದು ಬಿಜಾಪುರದಿಂದ ಹೊರಬಿದ್ದರೆ ತೊರವಿ ಬರುತ್ತದೆ. ಆದಿಲಶಾಹಿ ಕಾಲದಲ್ಲಿ ಈ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ಶಹರಕ್ಕೆ ನೀರು ತಂದರು. ಅಲ್ಲಲ್ಲಿ ಬಾವಿಯಂಥ ಕಿಂಡಿ ಇಟ್ಟು, ಪಂಪಿಲ್ಲ, ಕರೆಂಟಿಲ್ಲ, ನೆಲದ ಇಳಿಜಾರನ್ನೇ ನಂಬಿ. 1651ರಲ್ಲಿ ಅಫ್ಜಲ್ ಖಾನನ ಕೆಲಸವಾಗಿ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯಿತು. ಕೊಳವೆಯೊಳಗೆ ಒತ್ತಡ ಹೆಚ್ಚಿ ಒಡೆಯಬಾರದು ಅಂತ ನಡುನಡುವೆ ಗಂಜ್ ಎನ್ನುವ ಎತ್ತರದ ಗೋಪುರ ಕಟ್ಟಿದರು. ನೀರು ಅದರೊಳಗೆ ಏರಿ, ದಮ್ಮು ಕಳೆದುಕೊಂಡು, ಮತ್ತೆ ಮುಂದೆ ಹೋಗುತ್ತಿತ್ತು. ಒತ್ತಡದ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಯಾವ ಕಾಲೇಜಿನಲ್ಲಿದೆ? 1620ರ ತಾಜ ಬಾವಡಿಗೆ ಮಲಿಕ್ ಸಂದಲನ ಹೆಸರಿದೆ, ಮಮದಾಪುರದ ಕೆರೆಗೆ ಮಹಮ್ಮದ್ ಆದಿಲಶಾಹನ ಹೆಸರಿದೆ. ಅಗೆದವರ ಹೆಸರು ಎಲ್ಲೂ ಇಲ್ಲ. ಸುರಂಗದ ಇಳಿಜಾರು ಒಂದು ಗೇಣು ತಪ್ಪಿದರೆ ನೀರು ನಿಲ್ಲುತ್ತಿತ್ತು. ತಪ್ಪದ ಹಾಗೆ ಕತ್ತಲಲ್ಲಿ ಕುಂತು ಅಗೆದ ಕೈ ಅದ್ಯಾವುದು?

ಸಾಲಿ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಾರೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಮೇಲೆ ಹತ್ತಿಸಿ ಕೂಗಿಸುತ್ತಾರೆ. ಯಾರ ಗೋರಿ ಅಂತ ಹೇಳುತ್ತಾರೆ, ಸದ್ದು ಯಾಕೆ ತಿರುಗಿ ಬರುತ್ತದೆ ಅಂತ ಹೇಳುವವರು ಕಡಿಮೆ. ಗಂಜ್‌ಗಳ ಹತ್ತಿರವಂತೂ ಬಸ್ಸು ನಿಲ್ಲುವುದೇ ಇಲ್ಲ.

ವಡ್ಡರು ಕೆರೆ, ಬಾವಿ ಅಗೆಯುವಾಗ ಕುಣಿಯ ನಡುವೆ ಒಂದು ಮಣ್ಣಿನ ದಿಬ್ಬವನ್ನು ಹಂಗೇ ಬಿಡುತ್ತಾರೆ. ಮೊದಲಿನ ನೆಲ ಎಷ್ಟು ಎತ್ತರ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಉದ್ದ, ಅಗಲ, ಆ ದಿಬ್ಬದ ಎತ್ತರ. ಗುಣಿಸಿದರೆ ತೆಗೆದ ಮಣ್ಣಿನ ಲೆಕ್ಕ. ನೂರು ಘನ ಅಡಿಗೆ ಒಂದು ಬ್ರಾಸು. ಗುತ್ತಿಗೆದಾರ ದಿಬ್ಬದ ಬು‍ಡಕ್ಕೆ ಮಣ್ಣು ಏರಿಸಿ ಎತ್ತರ ಕಡಿಮೆ ತೋರಿಸುತ್ತಾನೋ ಅಂತ ಕಾಯುತ್ತಾ ಕೂಡುವವಳು ವಡ್ಡರ ಅಜ್ಜಿ. ಘನಫಲದ ಅಧ್ಯಾಯ ಈ ಅಜ್ಜಿಯಿಂದ ಶುರುವಾಗಿ, ಅಣೆಕಟ್ಟಿನ ನಕಾಶೆ ಓದುವ ತನಕ ಹೋಗಬೇಕು. ಅಜ್ಜಿಯ ಹತ್ತಿರವೇ ನಿಂತರೆ ಅದು ರಾಜಾಜಿಯ ಶಾಲೆ. ಅಜ್ಜಿಯನ್ನು ಬಿಟ್ಟು ಶುರುವಾದರೆ ಅದು ಸ್ಟಾರ್ಟೆಯ ಶಾಲೆ.

ಕರ್ನಾಟಕದಲ್ಲಿ ಇಂಥ ಪ್ರಯತ್ನ ಆಗೇ ಇಲ್ಲ ಅಂದರೆ ಸುಳ್ಳಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕಾಡಂಚಿನ ಆದಿವಾಸಿ ಮಕ್ಕಳೂ ಓದುವ ಶಾಲೆಗಳಲ್ಲಿ, ಮಾಸ್ತರರೇ ಮುಂದೆ ನಿಂತು ನಲಿಕಲಿ ಶುರು ಮಾಡಿದರು. ಋಷಿವ್ಯಾಲಿಯ ಕಾರ್ಡುಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡು ಬರೆದರು. ಬೆತ್ತ ಮೂಲೆಗೆ ಹೋಯಿತು, ಹಾಡು ಬಂತು. ಹಾಜರಿ ತಪ್ಪಿದ ಮಗು ಬಂದ ದಿನ ತಾನು ಬಿಟ್ಟಲ್ಲಿಂದಲೇ ಹತ್ತಬಹುದಾದ ಏಣಿ ಬಂತು. ಗುಳೆ ಹೋಗುವ ಮಕ್ಕಳಿಗೆ ಇದಕ್ಕಿಂತ ಚಲೋ ಯೋಚನೆ ಇಲ್ಲ. 2009ರಿಂದ ಅದು ರಾಜ್ಯಕ್ಕೆಲ್ಲಾ ಬಂತು, ನಮ್ಮ ತಾಂಡಾಗಳಿಗೂ ಬಂತು. ಬಂದದ್ದು ಏಣಿ ಮಾತ್ರ. ತಮ್ಮ ಮಕ್ಕಳಿಗೆ ತಾವೇ ಬರೆಯುವ ಆ ಮಾಸ್ತರರ ಸ್ವಾತಂತ್ರ್ಯ ಅಚ್ಚಿನ ಮನೆಯಲ್ಲೇ ಉಳಿಯಿತು. ಏಣಿಯ ಮೆಟ್ಟಿಲಿಗೆ ಅವರು ಇಟ್ಟ ಹೆಸರು ಮೈಲಿಗಲ್ಲು. ಮೈಲಿಗಲ್ಲು ಕಡಿದವರ ಮಕ್ಕಳೂ ಅದನ್ನು ಹತ್ತುತ್ತಿದ್ದಾರೆ ಅನ್ನೋದು ಕಾರ್ಡು ಬರೆದವರಿಗೆ ಗೊತ್ತಿತ್ತೋ ಇಲ್ಲೋ.

ಅದರ ನಂತರ ಬಂದವು ಸ್ಮಾರ್ಟ್ ಕ್ಲಾಸು, ಪ್ರೊಜೆಕ್ಟರು. 2016ರಿಂದ ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬು. ರೋಬೋಟು, ತ್ರೀಡಿ ಪ್ರಿಂಟರು. ಅದು 6ರಿಂದ 12ನೇ ತರಗತಿ ಇರುವ ಶಾಲೆಗಳಿಗೆ. ಐದನೇತ್ತೆಗೆ ಮುಗಿಯುವ ಶಾಲೆ ಇರುವ ತಾಂಡಾಕ್ಕೆ ಅದರ ಬಾಗಿಲೇ ಇಲ್ಲ. ಅಲ್ಲಿಂದ ಮುಂದೆ ತಿಕೋಟಾಕ್ಕೋ ಬಬಲೇಶ್ವರಕ್ಕೋ ನಡೆಯಬೇಕು. ಹೆಣ್ಣುಮಕ್ಕಳ ಸಾಲಿ ಎಷ್ಟೋ ಸಲ ಆ ನಡಿಗೆಯಲ್ಲೇ ಮುಗಿಯುತ್ತದೆ.

ತಾಂಡಾದ ಮಗು ಸಾಲಿಗೆ ಬರುವಾಗ ಗೋರಬೋಲಿ ಮಾತಾಡಿಕೊಂಡು ಬರುತ್ತದೆ. ಅವ್ವನಿಗೆ ಯಾಡಿ ಅನ್ನುತ್ತದೆ, ನೀರಿಗೆ ಪಾಣಿ ಅನ್ನುತ್ತದೆ. ಮಾಸ್ತರರು ಕನ್ನಡದಲ್ಲಿ ಕೇಳಿದ ಕೂಡುವ ಲೆಕ್ಕಕ್ಕೆ ಅದು ಸುಮ್ಮನೆ ಕುಂತರೆ 'ಗಣಿತ ಬರೋದಿಲ್ಲ' ಅಂತ ಬರೆದುಬಿಡುತ್ತಾರೆ. ಬಾರದ್ದು ಗಣಿತವೋ ಕನ್ನಡವೋ? ಅದೇ ಮಗುವಿನ ಯಾಡಿ ಫೇಟಿಯಾದ ಅಂಚಿಗೆ ಚೌಕ, ತ್ರಿಕೋನ ಹಾಕುವಾಗ ಎಳೆ ಎಣಿಸುತ್ತಾಳೆ, ಎಡಕ್ಕೆ ಬಂದದ್ದು ಬಲಕ್ಕೂ ಬರಬೇಕು, ನಡುವೆ ಕನ್ನಡಿ ಕೂಡಬೇಕು. ಸೊಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಜಿ-20 ಸಭೆಗೆ ಹಂಪಿಯಲ್ಲಿ 1,755 ಕಸೂತಿಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು, ವಿದೇಶಿ ಪ್ರತಿನಿಧಿಗಳು ಚಪ್ಪಾಳೆ ತಟ್ಟಿದರು. ಬಟ್ಟೆಯ ತುಂಡು ಎಣಿಸಿದರು. ಹೊಲಿಗೆಯೊಳಗಿನ ಎಣಿಕೆ ನಾಲ್ಕನೇತ್ತೆಯ ಗಣಿತಕ್ಕೆ ಬರಲಿ ಅಂತ ಆ ವೇದಿಕೆಯಿಂದ ಯಾರೂ ಅಂದದ್ದು ನಾನು ಕೇಳಲಿಲ್ಲ.

ಈ ಸೀಮೆ ಈಗ ಮೊದಲಿನಂತಿಲ್ಲ ಅನ್ನೋದೂ ಖರೆ. ಡೋಣಿಯ ಎರಿಮಣ್ಣಿನ ಜೋಳದ ಜೊತೆಗೆ ದ್ರಾಕ್ಷಿ ಬಂದಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲಕ್ಕೇರಿ ಬರುತ್ತಿದೆ. ತಿಕೋಟಾದ ಸುತ್ತ ಒಣದ್ರಾಕ್ಷಿಯ ಶೆಡ್ಡುಗಳು. ಗೊನೆಯನ್ನು ಪೊಟ್ಯಾಶಿಯಂ ಕಾರ್ಬೋನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರು ಸಡಿಲಾಗಿ ಒಳಗಿನ ನೀರು ಬೇಗ ಹೊರಬೀಳುತ್ತದೆ; ಎರಡು ವಾರದಲ್ಲಿ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಆಗುತ್ತದೆ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ಅದ್ದುವ ಕೈ ಯಾಕೆ ಉರಿಯುತ್ತದೆ? ಗಂಧಕದ ಹೊಗೆ ಹಾಕಿದಾಗ ಕೆಮ್ಮು ಯಾಕೆ? ಆ ಶೆಡ್ಡಿನಲ್ಲಿ ಕಡ್ಡಿ ಬಿಡಿಸುವ ಹೆಂಗಸರ ಮಕ್ಕಳಿಗೆ ರಸಾಯನಶಾಸ್ತ್ರ ಬೇರೆ ಊರಿಂದ ತರಬೇಕಿಲ್ಲ. ಕೂಲಿಯವಳ ಮಗಳು ಈ ಪ್ರಶ್ನೆ ಕೇಳಲು ಕಲಿತರೆ ಶೆಡ್ಡಿನ ಮಾಲಕನಿಗೆ ಕೈಗವಸು ಕೊಡುವ ಖರ್ಚು ಬರುತ್ತದೆ. ವಿಜ್ಞಾನ ಕೆಲವರಿಗೆ ಯಾಕ ಬ್ಯಾಡಾಗೈತಿ ಅನ್ನೋದಕ್ಕ ಇದೂ ಒಂದು ಕಾರಣ.

ನೀರು ಬಂದರೂ ಎಲ್ಲರ ಹೊಲಕ್ಕೆ ಬಂದಿಲ್ಲ. ಹೊಲವೇ ಇಲ್ಲದವರಿಗೆ ಎಲ್ಲಿಗೆ ಬರಬೇಕು? ದೀಪಾವಳಿ ಮುಗಿಯುತ್ತಲೇ ತಾಂಡಾಗಳಿಂದ ಸಾಂಗ್ಲಿ, ಕೊಲ್ಹಾಪುರದ ಕಬ್ಬಿನ ಕಡೆ ಲಾರಿ, ಟ್ರ್ಯಾಕ್ಟರು ಹೊರಡುತ್ತವೆ. ಗಂಡ, ಹೆಂಡತಿ ಸೇರಿ ಒಂದು ಕೋಯ್ತಾ ಅಂತ ಲೆಕ್ಕ. ಮುಕಾದಮ ಕೊಟ್ಟ ಮುಂಗಡ ತೀರುವ ತನಕ ಕಡಿಯಬೇಕು. ಮಕ್ಕಳು ಅಜ್ಜಿಯ ಹತ್ತಿರ ಉಳಿದರೆ ಪುಣ್ಯ, ಇಲ್ಲದಿದ್ದರೆ ಕಬ್ಬಿನ ಗದ್ದೆಯ ಬದುವಿನ ಮೇಲೆ. ಜತ್ತದ ಹತ್ತಿರ ಗಡಿ ದಾಟಿದ ಕೂಡಲೇ ಇನ್ನೊಂದು ಚಮತ್ಕಾರ ಆಗುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವನಾಗಿದ್ದ ಲಂಬಾಣಿ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವನು. ಇನ್ನೂ ಪೂರ್ವಕ್ಕೆ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಬುಡಕಟ್ಟಿನವನು. ಮನುಷ್ಯ ಅವನೇ, ಕೋಯ್ತಾ ಅದೇ, ಅಂಗೈಯ ಹುಣ್ಣು ಅದೇ. 'ಬುಡಕಟ್ಟು ಶಾಲೆಗೆ ತಂತ್ರಜ್ಞಾನ' ಅನ್ನೋ ಯೋಜನೆ ದಿಲ್ಲಿಯಿಂದ ಹೊರಟರೆ ತಿಕೋಟಾದ ತಾಂಡಾಕ್ಕೆ ಬರೋದಿಲ್ಲ, ಯಾಕಂದರ ಕಾಗದದ ಮೇಲೆ ಇಲ್ಲಿ ಅವನು ಬುಡಕಟ್ಟಲ್ಲ. ವಿಮುಕ್ತ ಅನ್ನೋ ಪದವೂ ಆ ಕಾಯ್ದೆಯದೇ ಬಾಲ. ಮುಂಬಯಿ ಸರಕಾರ 1949ರಲ್ಲಿ, ಇಡೀ ದೇಶ 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ತೆಗೆದುಹಾಕಿತು. ಬೇಲಿ ಬಿತ್ತು, ಕಣ್ಣು ಬೀಳಲಿಲ್ಲ. ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಇನ್ನೊಂದು 1961ರಲ್ಲಿ ನಮ್ಮ ರಾಜ್ಯದಲ್ಲೂ ಬಂತು.

ಕಬ್ಬಿನ ಫ್ಯಾಕ್ಟರಿಯ ಬಾಗಿಲಲ್ಲಿ ಕಾಟಾ ಇರುತ್ತದೆ. ತುಂಬಿದ ಗಾಡಿ ಒಮ್ಮೆ ತೂಗುತ್ತಾರೆ, ಖಾಲಿ ಗಾಡಿ ಇನ್ನೊಮ್ಮೆ. ಕಳೆದರೆ ಕಬ್ಬಿನ ತೂಕ, ಅದರ ಮೇಲೆ ಕೂಲಿ. ಕಾಟಾದಾಗ ಹೊಡಿತಾರ ಅನ್ನೋ ಮಾತು ಗಡಿಯ ಎರಡೂ ಕಡೆ ಹಳೆಯದು. ರೈತರು ಇದರ ಮೇಲೆ ಚಳವಳಿ ಮಾಡಿದ್ದಾರೆ. ಕಡಿಯುವವರಿಗೆ ಚೀಟಿ ಓದಲು ಬರುವುದಿಲ್ಲ, ಓದಲು ಬರುವ ಕೂಸು ಐದನೇತ್ತೆಗೆ ಸಾಲಿ ಬಿಟ್ಟಿದೆ. ಎಡಬಲ ಗೋಣಿಯ ತೂಕವನ್ನು ಅಂಗೈಯಲ್ಲೇ ಸಮ ಮಾಡುತ್ತಿದ್ದವರ ಮರಿಮಕ್ಕಳು ಇವರು. ತಾಂಡಾದ ಸಾಲಿಗೆ ನಾನು ಕೇಳುವ ಮೊದಲ ಯಂತ್ರ ರೋಬೋಟು ಅಲ್ಲ. ಒಂದು ತಕ್ಕಡಿ, ಒಂದು ಸ್ಪ್ರಿಂಗ್ ಕಾಟಾ, ಒಂದು ಅಳತೆ ಟೇಪು, ಮತ್ತೆ ಗೋರಬೋಲಿಯಲ್ಲಿ ಎಣಿಸಿದರೆ ಬೈಯದ ಒಬ್ಬ ಮಾಸ್ತರ. ಆ ಮೇಲೆ ರೋಬೋಟೂ ಬರಲಿ. ಅದನ್ನು ಬಿಚ್ಚಿ ನೋಡುವ ಹಕ್ಕಿನ ಜೋಡಿ ಬರಲಿ, ಕಪಾಟಿನಾಗ ಕೀಲಿ ಹಾಕಿ ಇಡಲಿಕ್ಕಲ್ಲ.

ಸಾಲಿಯ ಹಾಜರಿ ಪುಸ್ತಕದಲ್ಲಿ ಈ ಮಕ್ಕಳ ಹೆಸರಿನ ಮುಂದೆ ದೀಪಾವಳಿಯಿಂದ ಯುಗಾದಿಯವರೆಗೆ ಗೈರು, ಗೈರು, ಗೈರು. ಮುಕಾದಮನ ಪುಸ್ತಕದಲ್ಲಿ ಅವರ ಅಪ್ಪ, ಯಾಡಿಯರ ಹೆಸರಿನ ಮುಂದೆ ಅದೇ ದಿನಗಳಿಗೆ ಹಾಜರು. ಈ ವರ್ಷದ ಮುಂಗಡವನ್ನು ಅವನು ಆಗಲೇ ಹಂಚಿ ಹೋಗಿದ್ದಾನೆ.